ಮೂರು ನಿಮಿಷಗಳಲ್ಲಿ ಭೂಪ್ರದಕ್ಷಿಣೆ

ಬಾನುಲಿ ಹವ್ಯಾಸಿಯನ್ನು ಮೌನದಷ್ಟು ಕಾಡುವ ಒಗಟು ಇನ್ನೊಂದಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಗಂಟೆಗಟ್ಟಲೆ ಕಾದರೂ ಬರಿಯ ಬುಸುಗುಟ್ಟುವ ಸದ್ದಿನ ಹೊರತು ಬೇರೇನೂ ಕೇಳಿಸದಿದ್ದರೆ ಅದಕ್ಕೆ ಅರ್ಥವೇನು? ಆಕಾಶದ ದಾರಿ ಮುಚ್ಚಿದೆಯೆ? ಅಥವಾ ದಾರಿ ಹೆಬ್ಬಾಗಿಲಿನಂತೆ ತೆರೆದೇ ಇದ್ದು, ಆಚೆಯ ದಡದಲ್ಲಿ ಮಾತನಾಡುವವರೇ ನಿದ್ದೆಹೋಗಿದ್ದಾರೆಯೆ? ಇವೆರಡರಲ್ಲಿ ಯಾವುದು ನಿಜವೆಂದು ಬರಿಯ ಮೌನ ಹೇಳಲಾರದು. ಎಲ್ಲರೂ ಕಿವಿಗೊಟ್ಟು ಕುಳಿತು ಯಾರೊಬ್ಬರೂ ಬಾಯಿ ತೆರೆಯದೆ, ದಾರಿಯೇ ಮುಚ್ಚಿದೆಯೆಂದು ಎಲ್ಲರೂ ಎದ್ದುಹೋದ ಸಂಜೆಗಳಿಗೆ ಲೆಕ್ಕವಿರಲಾರದು.

ಈ ಆಕಾಶದ ದಾರಿಯ ಕಥೆ 1901ರ ಡಿಸೆಂಬರಿನಷ್ಟು ಹಳೆಯದು. ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದೆನೆಂದು ಮಾರ್ಕೋನಿ ಸಾರಿದಾಗ ಪಂಡಿತರು ಹುಬ್ಬೇರಿಸಿದರು. ಭೂಮಿ ಗುಂಡಗಿದೆ, ತರಂಗವಾದರೋ ನೇರವಾಗಿ ಸಾಗುತ್ತದೆ. ಸಾಗರದ ಉಬ್ಬನ್ನು ಅದು ದಾಟಿದ್ದು ಹೇಗೆ? ಮೇಲಿನ ವಾಯುಮಂಡಲದಲ್ಲಿ ವಿದ್ಯುತ್ ಗುಣವುಳ್ಳ ಪದರವೊಂದಿದ್ದು ಅದು ತರಂಗವನ್ನು ಕೆಳಕ್ಕೆ ಮರಳಿಸುತ್ತಿರಬೇಕೆಂದು ಕೆನೆಲಿ ಮತ್ತು ಹೆವಿಸೈಡ್ ಎಂಬಿಬ್ಬರು 1902ರಲ್ಲಿ ಬೇರೆಬೇರೆಯಾಗಿ ಊಹಿಸಿದರು. ಆ ಊಹೆಯನ್ನು 1924ರಲ್ಲಿ ಪ್ರಯೋಗದಿಂದ ಸ್ಥಿರಪಡಿಸಿದ ಆ್ಯಪಲ್ಟನ್ ಅವರಿಗೆ 1947ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದೇ ಅಯಾನುಮಂಡಲ. ನಮ್ಮ ದೇಶದಲ್ಲಿ ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ ಅವರು ಇದರ ಅಧ್ಯಯನಕ್ಕೇ ಬಾಳನ್ನು ಮುಡಿಪಿಟ್ಟರು.

ಹವ್ಯಾಸಿಗಳು ಈ ದಾರಿಗೆ ಬಂದದ್ದು ತಾವಾಗಿಯೇ ಅಲ್ಲ, ತಳ್ಳಿಸಿಕೊಂಡು. 1912ರ ಅಮೆರಿಕದ ಕಾನೂನು ಅವರನ್ನು 200 ಮೀಟರ್ ಹಾಗೂ ಅದಕ್ಕಿಂತ ಕಿರಿದಾದ ತರಂಗಗಳಿಗೆ ಅಟ್ಟಿತು. ಅವು ಕೆಲಸಕ್ಕೆ ಬಾರದವೆಂಬುದು ಅಂದಿನ ತಿಳಿವಳಿಕೆ. ಊರ ಹೊರಗಿನ ಬಂಜರು ಭೂಮಿಯನ್ನು ಪಾಲಿಗೆ ಕೊಟ್ಟಂತೆ! 1923ರ ನವೆಂಬರಿನಲ್ಲಿ ಸುಮಾರು 110 ಮೀಟರುಗಳ ತರಂಗದಲ್ಲಿ ಅಮೆರಿಕದ ಹವ್ಯಾಸಿಗಳು ಫ್ರಾನ್ಸಿನ ನೀಸ್ ನಗರದ ಲಿಯೋ ದೆಲ್ವಾ ಅವರೊಡನೆ ಸಾಗರದಾಚೆಗೆ ಸಂಭಾಷಿಸಿದಾಗ, ಆ ಬಂಜರಿನಲ್ಲೇ ಹೊನ್ನು ಹೂತಿತ್ತೆಂಬುದು ಲೋಕಕ್ಕೆ ತಿಳಿಯಿತು.

ಆದರೆ ಹೊನ್ನು ದಿನವೂ ಕೈಗೆ ಸಿಕ್ಕುವಂಥದಲ್ಲ. ಸೊಸೆಗೆ ಅತ್ತೆಯ ಮನಸ್ಸನ್ನು ಅರಿಯುವುದು ಕಷ್ಟವೆನ್ನುತ್ತಾರೆ. ಅಯಾನುಮಂಡಲದ ಮನಸ್ಸು ಅದಕ್ಕಿಂತಲೂ ಚಂಚಲ. ಹಗಲಿಗೊಂದು ಬಗೆ, ಇರುಳಿಗೊಂದು ಬಗೆ. ಬೇಸಗೆಗೆ ಬೇರೆ, ಚಳಿಗಾಲಕ್ಕೆ ಬೇರೆ. ಇವೆಲ್ಲದರ ಮೇಲೆ, ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುದರೊಡನೆ ಅದೂ ಹಿಗ್ಗುತ್ತದೆ, ಕುಗ್ಗುತ್ತದೆ. ಎಂದಮೇಲೆ, ಕೇಳುವವರಿರಲಿ ಇಲ್ಲದಿರಲಿ, ಗೊತ್ತಾದ ಸ್ಥಳದಿಂದ ಗೊತ್ತಾದ ಹೊತ್ತಿಗೆ ತಪ್ಪದೆ ತನ್ನ ಹೆಸರನ್ನು ಕೂಗುವ ಒಂದು ಯಂತ್ರವಿದ್ದರೆ? ಅದು ಕೇಳಿಸಿದರೆ ದಾರಿ ತೆರೆದಿದೆ. ಕಡಲತಡಿಯ ದೀಪಸ್ತಂಭ ನಾವಿಕನಿಗೆ ಮಾಡುವ ಉಪಕಾರವೇ ಇದು; ಆದುದರಿಂದಲೇ ಇಂಥ ಪ್ರೇಷಕಗಳಿಗೆ ಇಂಗ್ಲಿಷಿನಲ್ಲಿ 'ಬೀಕನ್' ಎಂಬ ಹೆಸರು ಬಂದಿತು.

1979ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಡಿ.ಎಕ್ಸ್. ಪ್ರತಿಷ್ಠಾನವೆಂಬ ಹವ್ಯಾಸಿಗಳ ಸಂಸ್ಥೆಯು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಥದೊಂದು ದೀಪವನ್ನು ಹೊತ್ತಿಸಿತು. ಅದರ ಕರೆಹೆಸರು ಡಬ್ಲ್ಯು.ಬಿ.6 ಝಡ್.ಎನ್.ಎಲ್.; ತರಂಗ 14.1 ಮೆಗಾಹರ್ಟ್ಸ್. ಬರಿಯ ಹೆಸರನ್ನು ಕೂಗಿ ಸುಮ್ಮನಾಗುವ ಬದಲು, ಅದು 100 ವ್ಯಾಟ್‌ಗಳಿಂದ ತೊಡಗಿ 10, 1, ಕಡೆಗೆ ಹತ್ತನೆಯ ಒಂದು ವ್ಯಾಟ್‌ವರೆಗೆ ಮೆಟ್ಟಿಲಿಳಿಯುತ್ತ ದನಿ ತಗ್ಗಿಸುತ್ತಿತ್ತು. ಇದು ಬಲು ಜಾಣತನದ ಏರ್ಪಾಡು. ಎಷ್ಟನೆಯ ಮೆಟ್ಟಿಲಿನವರೆಗೆ ಕೇಳಿಸಿತೆಂಬುದರ ಮೇಲೆ, ದಾರಿ ತೆರೆದಿದೆಯೆಂಬುದಷ್ಟೇ ಅಲ್ಲ, ಎಷ್ಟು ಅಗಲವಾಗಿ ತೆರೆದಿದೆಯೆಂಬುದೂ ತಿಳಿಯುತ್ತದೆ. ಹತ್ತನೆಯ ಒಂದು ವ್ಯಾಟ್ ಎಂದರೆ ಕೈದೀಪದ ಪುಟ್ಟ ಬಲ್ಬಿಗೂ ಸಾಲದ ಶಕ್ತಿ. ಅದೂ ಸಾಗರವನ್ನು ದಾಟಿ ಬಂದು ಕಿವಿಗೆ ಬೀಳುವ ದಿನಗಳುಂಟು.

ಒಂದು ದೀಪದಿಂದ ಹಲವು ದೀಪಗಳು ಹೊತ್ತಿದವು. 1980ರ ದಶಕದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ, ಹವಾಯಿ, ಜಪಾನ್, ಇಸ್ರೇಲ್, ಫಿನ್ಲೆಂಡ್, ಮಡೀರಾ, ದಕ್ಷಿಣ ಆಫ್ರಿಕ, ಅರ್ಜೆಂಟೈನಾ ಮೊದಲಾದೆಡೆಗಳ ಪ್ರೇಷಕಗಳು ಅದೇ ಒಂದು ತರಂಗದಲ್ಲಿ ಸರದಿಯಂತೆ ಕೂಗತೊಡಗಿದವು. ಸರದಿಯ ಪ್ರತಿ ಸುತ್ತಿಗೆ ಹತ್ತು ನಿಮಿಷ. 1995ರಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದ ಜೊತೆಗೂಡಿ ಇನ್ನೂ ದೊಡ್ಡ ಯೋಜನೆಯ ಕೆಲಸ ಆರಂಭವಾಯಿತು: 18 ನೆಲೆಗಳು, ಒಂದರ ಬದಲು ಐದು ತರಂಗಗಳು.

ಇದರ ಕಾಲಗಣನೆ ನೋಡತಕ್ಕದ್ದು. ಪ್ರತಿ ನೆಲೆಗೆ ದೊರೆಯುವುದು ಹತ್ತೇ ಸೆಕೆಂಡು. ಅಷ್ಟರಲ್ಲಿ ಅದು ಮೋರ್ಸ್ ಸಂಕೇತದಲ್ಲಿ ತನ್ನ ಹೆಸರನ್ನು ಹೇಳಿ, ಒಂದೊಂದು ಸೆಕೆಂಡಿನ ನಾಲ್ಕು ಗೆರೆಗಳನ್ನು ಎಳೆಯಬೇಕು. ಹೆಸರು ಮತ್ತು ಮೊದಲ ಗೆರೆ 100 ವ್ಯಾಟ್, ಉಳಿದವು ಕ್ರಮವಾಗಿ 10, 1, 0.1. ಬಳಿಕ ಅದು ಮೇಲಿನ ತರಂಗಕ್ಕೆ ಜಿಗಿಯುತ್ತದೆ; ಬಿಟ್ಟ ಜಾಗಕ್ಕೆ ಮುಂದಿನ ನೆಲೆ ಬರುತ್ತದೆ. ಆಕಾಶದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರವೇ ಎಲ್ಲಕ್ಕೂ ಆಧಾರ. 14.1 ಮೆಗಾಹರ್ಟ್ಸ್‌ನಲ್ಲಿ ಸುತ್ತು ವಿಶ್ವಸಂಸ್ಥೆಯಿಂದ ಮೊದಲಾಗಿ, ಕೆನಡಾದ ಉತ್ತರಧ್ರುವ ಪ್ರಾಂತ, ಕ್ಯಾಲಿಫೋರ್ನಿಯಾ, ಹವಾಯಿ, ನ್ಯೂಜಿಲೆಂಡ್, ಪಶ್ಚಿಮ ಆಸ್ಟ್ರೇಲಿಯ, ಜಪಾನ್, ಸೈಬೀರಿಯ, ಹಾಂಗ್‌ಕಾಂಗ್, ಶ್ರೀಲಂಕಾ, ದಕ್ಷಿಣ ಆಫ್ರಿಕ, ಕೀನ್ಯಾ, ಇಸ್ರೇಲ್, ಫಿನ್ಲೆಂಡ್, ಮಡೀರಾ, ಅರ್ಜೆಂಟೈನಾ, ಪೆರುಗಳನ್ನು ಹಾದು ವೆನೆಜುವೆಲಾದಲ್ಲಿ ಮುಗಿಯುವಂತೆ ಕ್ರಮವನ್ನು ಗೊತ್ತುಮಾಡಿದರು. ಒಟ್ಟು 180 ಸೆಕೆಂಡು. ತಂದೆತಾಯಿಯರನ್ನು ಸುತ್ತಿ ಬಂದ ಗಣಪತಿಯೊಬ್ಬನೇ ಇದಕ್ಕಿಂತ ಬೇಗ ಪ್ರದಕ್ಷಿಣೆ ಮುಗಿಸಿರಬಹುದು! ರಾಜಕೀಯದ ಮೇಜಿನ ಸುತ್ತ ಒಬ್ಬರ ಮಾತನ್ನು ಒಬ್ಬರು ಕತ್ತರಿಸುವ ದೇಶಗಳು ಇಲ್ಲಿ ಹತ್ತು ಸೆಕೆಂಡಿಗೆ ಮಾತು ಮುಗಿಸಿ ಪಕ್ಕದವನಿಗೆ ಎಡೆಗೊಡುವುದು ಸಣ್ಣ ಸಂಗತಿಯೇನಲ್ಲ.

ಯಂತ್ರ ತಾನಾಗಿ ನಡೆಯುವುದಾದರೂ ಅದನ್ನು ನೋಡಿಕೊಳ್ಳುವವರು ಮನುಷ್ಯರೇ. ಸಿಡಿಲು ಬಡಿದರೆ, ಗಾಳಿಗೆ ಆಂಟೆನಾ ಬಾಗಿದರೆ, ಕಟ್ಟಡದ ಯಜಮಾನ ಜಾಗ ತೆರವು ಮಾಡೆಂದರೆ, ಸ್ಥಳೀಯ ಹವ್ಯಾಸಿಗಳೇ ಬಿಡುವು ಮಾಡಿಕೊಂಡು ಓಡಬೇಕು, ಸಂಬಳವಂತೂ ಇಲ್ಲ. ಹೀಗಾಗಿ ಕೆಲವು ನೆಲೆಗಳು ತಿಂಗಳುಗಟ್ಟಲೆ ಮೂಕವಾಗುವುದುಂಟು. ದಾರಿ ಮುಚ್ಚಿದೆಯೋ ದೀಪವೇ ಆರಿದೆಯೋ ಎಂಬ ಹಳೆಯ ಒಗಟು ಆಗ ಮತ್ತೆ ತಲೆಯೆತ್ತುತ್ತದೆ. ಯಾವ ನೆಲೆ ಜೀವಂತವಾಗಿದೆಯೆಂಬ ಪಟ್ಟಿಯನ್ನು ಪ್ರಕಟಿಸುವ ಹೊಣೆಯೂ ಅದಕ್ಕಾಗಿಯೇ ಪ್ರತಿಷ್ಠಾನದ ಮೇಲೆ ಬಿದ್ದಿದೆ.

1993ರ ನೊಬೆಲ್ ವಿಜೇತ ಖಗೋಳವಿಜ್ಞಾನಿ ಜೋಸೆಫ್ ಟೇಲರ್ ಸ್ವತಃ ಹವ್ಯಾಸಿ. ಅವರು 2008ರಲ್ಲಿ ರೂಪಿಸಿದ 'ವಿಸ್ಪರ್' ಎಂಬ ಪದ್ಧತಿಯಲ್ಲಿ ಕಿವಿಗೆ ಕೇಳದಷ್ಟು ಕ್ಷೀಣವಾದ ಸಂಕೇತವನ್ನು ಗಣಕಯಂತ್ರವೇ ಬಿಡಿಸಿ ಓದುತ್ತದೆ. ಮನೆಮನೆಯೂ ಒಂದು ದೀಪವಾಗಬಹುದು. ಹಾಗಾದರೆ ಹಳೆಯ ದೀಪಸ್ತಂಭಗಳು ಏಕೆಂದು ಕೇಳುವವರಿದ್ದಾರೆ. ಗಣಕಯಂತ್ರವಿಲ್ಲದವನ ಕಿವಿಗೂ ಮೂರೇ ನಿಮಿಷಗಳಲ್ಲಿ ಉತ್ತರ ಕೊಡುವುದು ಇವುಗಳ ಹೆಚ್ಚುಗಾರಿಕೆ.

ಕನ್ನಡನಾಡಿಗೆ ಇವುಗಳಲ್ಲಿ ಹತ್ತಿರದ್ದು ಶ್ರೀಲಂಕೆಯ 4 ಎಸ್.7 ಬಿ. ಸುತ್ತು ಮೊದಲಾಗಿ ಒಂದೂವರೆ ನಿಮಿಷಕ್ಕೆ 14.1ರಲ್ಲಿ ಅದರ ಸರದಿ. ಹತ್ತಿರದ್ದೆಂದು ಅದೇ ಮೊದಲು ಕೇಳಿಸಬೇಕೆಂಬ ನಿಯಮವೇನಿಲ್ಲ. ಮೇಲೇರಿದ ತರಂಗ ನಡುವಿನ ನೆಲವನ್ನು ದಾಟಿ ದೂರದಲ್ಲಿ ಇಳಿಯುವುದರಿಂದ, ನೆರೆಯ ದ್ವೀಪ ಮೌನವಾಗಿರುವಾಗಲೇ ಅದರ ಮುಂದಿನ ಹತ್ತು ಸೆಕೆಂಡಿನಲ್ಲಿ ದಕ್ಷಿಣ ಆಫ್ರಿಕದ ನಾಲ್ಕು ಗೆರೆಗಳು ಬೆಂಗಳೂರಿನ ಹವ್ಯಾಸಿಯ ಕಿವಿಗೆ ಸ್ಪಷ್ಟವಾಗಿ ಬೀಳುವುದೂ ಉಂಟು.