ಒಂದು ಸುತ್ತಿನ ಓಟ, ನಮ್ಮೂರಲ್ಲಿ ಎರಡು ಸುತ್ತು

ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಪ್ರೌಢಶಾಲೆಗಳ ಕ್ರೀಡಾಕೂಟ ನೋಡಲು ನೀವು ಎಂದಾದರೂ ಹೋಗಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಬೆಳಗ್ಗೆಯೇ ಪಿ.ಟಿ. ಮೇಷ್ಟ್ರು ಬಕೆಟ್ಟಿನಲ್ಲಿ ಸುಣ್ಣದ ಪುಡಿ ಹಿಡಿದು ಮೈದಾನದ ಸುತ್ತ ಗೆರೆ ಎಳೆದಿರುತ್ತಾರೆ. ಹತ್ತು ಗಂಟೆಯ ಬಯಲುಸೀಮೆ ಗಾಳಿಗೆ ಅದರಲ್ಲಿ ಅರ್ಧ ಅಳಿಸಿಹೋಗಿರುತ್ತದೆ. ಮೈಕಿನಲ್ಲಿ ಹುಡುಗಿಯರ 400 ಮೀಟರ್ ಓಟದ ಹೆಸರು ಕೂಗುತ್ತಾರೆ. ಏಳೆಂಟು ಹುಡುಗಿಯರು ಚಪ್ಪಲಿ ಬಿಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗೆರೆಯ ಮೇಲೆ ನಿಲ್ಲುತ್ತಾರೆ. ಸೀಟಿ ಊದಿದ ಕೂಡಲೇ ಜೀವ ಬಿಟ್ಟು ಓಡುತ್ತಾರೆ. ಮೊದಲ ಸುತ್ತು ಮುಗಿಯುತ್ತದೆ. ಎರಡನೆಯ ಸುತ್ತಿನ ನಡುವೆ ಇಬ್ಬರು ನಿಂತುಬಿಡುತ್ತಾರೆ, ಒಬ್ಬಳು ಹೊಟ್ಟೆ ಹಿಡಿದು ಕೂರುತ್ತಾಳೆ.

ಎರಡು ಸುತ್ತು ಏಕೆಂದರೆ ಶಾಲೆಯ ಮೈದಾನ ಚಿಕ್ಕದು. ಅಲ್ಲಿ 200 ಮೀಟರಿನ ಟ್ರ್ಯಾಕ್ ಹಾಕಿದರೆ ಅದೇ ದೊಡ್ಡದು. ಜಗತ್ತೆಲ್ಲ ‘ಒಂದು ಸುತ್ತಿನ ಓಟ’ ಎಂದು ಕರೆಯುವ ಸ್ಪರ್ಧೆಯನ್ನು ನಮ್ಮ ಹುಡುಗಿಯರು ಎರಡು ಸುತ್ತು ಓಡುತ್ತಾರೆ. ನಿಜವಾದ 400 ಮೀಟರ್ ಟ್ರ್ಯಾಕಿನಲ್ಲಿ ತಿರುವುಗಳು ಎರಡೇ, ಅವೂ ವಿಶಾಲವಾದವು. ನಮ್ಮಲ್ಲಿ ನಾಲ್ಕು ತಿರುವು, ಎಲ್ಲವೂ ಇಕ್ಕಟ್ಟು. ಪ್ರತಿ ತಿರುವಿನಲ್ಲೂ ಕಾಲು ಜಾರದಂತೆ ವೇಗ ತಗ್ಗಿಸಬೇಕು, ಮತ್ತೆ ಏರಿಸಬೇಕು. ತಾಲೂಕು ಮಟ್ಟದಲ್ಲಿ ಗೆದ್ದ ಹುಡುಗಿ ಜಿಲ್ಲಾ ಮಟ್ಟಕ್ಕೆ ಹೋದಾಗಲೇ ಮೊದಲ ಬಾರಿಗೆ ಪೂರ್ತಿ ಸುತ್ತನ್ನು ಕಣ್ಣಾರೆ ಕಾಣುವುದೂ ಉಂಟು. ಅಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಮೆಟ್ಟಿಲಿನ ಹಾಗೆ ಮುಂದೆ ಹಿಂದೆ ನಿಲ್ಲುತ್ತಾರೆ. ಇದು ಮೋಸವಲ್ಲ. ಹೊರಗಿನ ಓಣಿಯ ಸುತ್ತು ದೊಡ್ಡದಾದ್ದರಿಂದ ಎಂಟನೆಯ ಓಣಿಯವಳನ್ನು ಸುಮಾರು 53 ಮೀಟರ್ ಮುಂದೆ ನಿಲ್ಲಿಸುತ್ತಾರೆ. ಇದು ಗೊತ್ತಿಲ್ಲದ ಹುಡುಗಿ, ಅಷ್ಟು ಮುಂದಿರುವವಳನ್ನು ಕಂಡೇ ಅರ್ಧ ಸೋತಿರುತ್ತಾಳೆ.

ಈ ಓಟ ಏಕೆ ಇಷ್ಟು ಕಷ್ಟ ಎಂಬುದನ್ನು ಹೇಳಲೇಬೇಕು. ನಮ್ಮ ಸ್ನಾಯುಗಳಲ್ಲಿ ಸಿದ್ಧವಾಗಿರುವ ಶಕ್ತಿ ಪೂರ್ಣ ವೇಗದಲ್ಲಿ ಓಡಿದರೆ ಹತ್ತು ಸೆಕೆಂಡಿನೊಳಗೆ ಬಹುಪಾಲು ಮುಗಿದುಹೋಗುತ್ತದೆ. ಆಮೇಲೆ ದೇಹವು ಸ್ನಾಯುವಿನಲ್ಲಿರುವ ಸಕ್ಕರೆಯನ್ನು ಒಡೆದು ಕೆಲಸ ನಡೆಸುತ್ತದೆ. ಉಸಿರಿನಿಂದ ಬರುವ ಆಮ್ಲಜನಕ ಆ ವೇಗಕ್ಕೆ ಸಾಲುವುದಿಲ್ಲ. ಹೀಗಾಗಿ ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ. ಮುನ್ನೂರು ಮೀಟರ್ ದಾಟುವಾಗ ತೊಡೆ ಕಲ್ಲಾಗುತ್ತದೆ, ಭುಜ ಕಿವಿಗೆ ಏರುತ್ತದೆ. ಕೊನೆಯ ನೂರು ಮೀಟರಿನಲ್ಲಿ ಒಬ್ಬಳು ಮಿಂಚಿನಂತೆ ಮುನ್ನುಗ್ಗಿದಳು ಎಂದು ನಾವು ಹೇಳುತ್ತೇವಲ್ಲ, ಅದು ಕಣ್ಣಿನ ಭ್ರಮೆ. ಅಲ್ಲಿ ಯಾರೂ ವೇಗ ಹೆಚ್ಚಿಸುವುದಿಲ್ಲ. ಎಲ್ಲರೂ ನಿಧಾನವಾಗುತ್ತಿರುತ್ತಾರೆ, ಕಡಿಮೆ ನಿಧಾನವಾದವಳು ಗೆಲ್ಲುತ್ತಾಳೆ. ಹಾಗಾಗಿ ಮೊದಲ ನೂರು ಮೀಟರನ್ನು ಎಷ್ಟು ಜೋರಾಗಿ ಓಡಬೇಕು ಎಂಬ ಲೆಕ್ಕವೇ ಈ ಓಟದ ಗುಟ್ಟು. ಎರಡು ಸುತ್ತಿನ ಮೈದಾನದಲ್ಲಿ ಕಲಿತವಳಿಗೆ ಆ ಲೆಕ್ಕ ಸಿಗುವುದಿಲ್ಲ.

ಆ ಲೆಕ್ಕ ಸಿಕ್ಕ ಕನ್ನಡದ ಹುಡುಗಿಯೊಬ್ಬಳ ಕತೆ ಕೇಳಿ. 28 ಸೆಪ್ಟೆಂಬರ್ 2014. ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟ, ಮಹಿಳೆಯರ 400 ಮೀಟರ್ ಫೈನಲ್. ಕೊಡಗಿನ ಗೋಣಿಕೊಪ್ಪ ಮೂಲದ, ಮಂಗಳೂರಿನಲ್ಲಿ ಬೆಳೆದ ಎಂ.ಆರ್. ಪೂವಮ್ಮನಿಗೆ ಆಗ 24 ವರ್ಷ. ಹಿಂದಿನ ವರ್ಷವಷ್ಟೇ ಪುಣೆಯ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಇದೇ ಓಟದಲ್ಲಿ ಬೆಳ್ಳಿ ಗೆದ್ದಿದ್ದಳು. ಇಂಚಿಯಾನ್‌ನಲ್ಲಿ ಬಹರೈನ್‌ನ ಕೆಮಿ ಅಡೆಕೋಯಾ 51.59 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು. ವಿಯೆಟ್ನಾಂನ ಕ್ವಾಚ್ ತಿ ಲಾನ್ 52.06. ಪೂವಮ್ಮ 52.36, ಕಂಚು. ಬೆಳ್ಳಿಗೂ ಕಂಚಿಗೂ ನಡುವೆ ಮೂವತ್ತು ಸೆಂಟಿಸೆಕೆಂಡು. ನೆಲದ ಮೇಲೆ ಅಳೆದರೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು, ನಿಮ್ಮ ಮನೆಯ ಬಾಗಿಲಿನ ಎತ್ತರದಷ್ಟು. ಅದೇ ಕೂಟದ 4×400 ಮೀಟರ್ ರಿಲೇಯಲ್ಲಿ ಪ್ರಿಯಾಂಕಾ ಪವಾರ್, ಟಿಂಟು ಲೂಕಾ, ಮನ್‌ದೀಪ್ ಕೌರ್ ಜೊತೆ ಓಡಿ ಚಿನ್ನವನ್ನೂ ತಂದಳು. 2002ರಿಂದ 2018ರವರೆಗೆ ಐದು ಏಷ್ಯನ್ ಕೂಟಗಳಲ್ಲಿ ಆ ರಿಲೇ ಚಿನ್ನ ಬೇರೆ ಯಾವ ದೇಶಕ್ಕೂ ಹೋಗಲಿಲ್ಲ. 2010ರ ಗುವಾಂಗ್‌ಝೌ ತಂಡದಲ್ಲಿದ್ದ ಅಶ್ವಿನಿ ಅಕ್ಕುಂಜಿಯೂ ನಮ್ಮ ಉಡುಪಿ ಜಿಲ್ಲೆಯವಳೇ.

ಇನ್ನೊಬ್ಬಳು ಪ್ರಿಯಾ ಮೋಹನ್. 2021ರ ಆಗಸ್ಟ್‌ನಲ್ಲಿ ನೈರೋಬಿಯಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 52.77 ಸೆಕೆಂಡು ಓಡಿ ನಾಲ್ಕನೆಯವಳಾದಳು. ಕಂಚು ಗೆದ್ದ ಕೆನ್ಯಾದ ಹುಡುಗಿ ಅವಳಿಗಿಂತ ನಾಲ್ಕು ಮೀಟರ್ ಮುಂದಿದ್ದಳು. ಮಿಶ್ರ ರಿಲೇಯಲ್ಲಿ ಅವಳಿಗೆ ಕಂಚು ಸಿಕ್ಕಿತು. ಪತ್ರಿಕೆಗಳು ಪದಕದ ಸುದ್ದಿ ಬರೆದವು. ನನಗೆ ಆ ನಾಲ್ಕನೆಯ ಸ್ಥಾನವೇ ದೊಡ್ಡದು ಎನಿಸಿತು. ಆ ಕೂಟಕ್ಕೆ ಬಂದಿದ್ದ ಅವಳ ವಯಸ್ಸಿನ ಹುಡುಗಿಯರಲ್ಲಿ ಅಂದು ಅವಳ ಮುಂದೆ ಓಡಿದವರು ಮೂವರೇ.

‘ಅವರಿಗೆ ಮಂಗಳೂರಿನ, ಬೆಂಗಳೂರಿನ ಸಿಂಥೆಟಿಕ್ ಟ್ರ್ಯಾಕ್ ಇದೆ, ನಮಗೇನಿದೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಹಳೆಯ ಸಂಗತಿ ಕೇಳಿ. ಒಲಿಂಪಿಕ್ಸ್‌ನಲ್ಲಿ 1928ರಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟು, ಇದು ಹೆಣ್ಣಿನ ದೇಹಕ್ಕೆ ಆಗುವ ಮಾತಲ್ಲ ಎಂದು ತೆಗೆದುಹಾಕಿದರು. ಅದು ಮರಳಿದ್ದು 1960ರಲ್ಲಿ. 400 ಮೀಟರ್ ಸೇರಿದ್ದು 1964ರ ಟೋಕಿಯೋದಲ್ಲಿ. ಅಂದು ಆಸ್ಟ್ರೇಲಿಯಾದ ಬೆಟ್ಟಿ ಕತ್‌ಬರ್ಟ್ 52 ಸೆಕೆಂಡಿನಲ್ಲಿ ಗೆದ್ದಳು. ಓಡಿದ್ದು ರಬ್ಬರಿನ ಮೇಲಲ್ಲ, ಕಲ್ಲಿದ್ದಲ ಕಿಟ್ಟದ ಪುಡಿ ಹಾಸಿದ ನೆಲದ ಮೇಲೆ. ಐವತ್ತು ವರ್ಷದ ನಂತರ ಇಂಚಿಯಾನ್‌ನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆಳ್ಳಿ-ಕಂಚಿಗೆ ಓಡಿದ ವೇಗವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ದೇಶದ ಕಮಲ್‌ಜೀತ್ ಸಂಧು 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಇದೇ ಓಟದ ಚಿನ್ನ ಗೆದ್ದದ್ದು 57.3 ಸೆಕೆಂಡಿನಲ್ಲಿ. ನೆಲ ಒರಟಾದರೂ ನಡೆಯುತ್ತದೆ, ಅಳತೆ ತಪ್ಪಬಾರದು.

ಈಗ ಕಹಿಯಾದ ಮಾತು. ಇದನ್ನು ಬಿಟ್ಟು ಬರೆದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ ಪೂವಮ್ಮ ಇದ್ದ ಮಿಶ್ರ ರಿಲೇ ತಂಡಕ್ಕೆ ಮೊದಲು ಸಿಕ್ಕಿದ್ದು ಬೆಳ್ಳಿ. ಗೆದ್ದ ಬಹರೈನ್ ತಂಡದ ಅಡೆಕೋಯಾ, ಅದೇ ಇಂಚಿಯಾನ್‌ನ ಚಿನ್ನದ ಹುಡುಗಿ, ನಿಷೇಧಿತ ಔಷಧ ಸೇವಿಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷ ನಿಷೇಧಕ್ಕೊಳಗಾದಳು. ಚಿನ್ನ ಭಾರತಕ್ಕೆ ಬಂತು. ನಾವೆಲ್ಲ ಖುಷಿಪಟ್ಟೆವು. ಆದರೆ 2021ರ ಫೆಬ್ರವರಿಯಲ್ಲಿ ಪಟಿಯಾಲಾದ ಕೂಟವೊಂದರಲ್ಲಿ ಪಡೆದ ಪೂವಮ್ಮನ ಮಾದರಿಯಲ್ಲೇ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಪತ್ತೆಯಾಯಿತು. ಮೊದಲು ಮೂರು ತಿಂಗಳ ಶಿಕ್ಷೆಯಾಗಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಸಮಿತಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಇಂಚಿಯಾನ್‌ನ ಪದಕಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಅವಳದೇ. ಶಿಕ್ಷೆ ಮುಗಿಸಿ ಮರಳಿದ ಅವಳು 34ನೇ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್ ರಿಲೇ ತಂಡದಲ್ಲಿ ಓಡಿದಳು. ಅಶ್ವಿನಿಯೂ 2011ರಲ್ಲಿ ಸಿಕ್ಕಿಬಿದ್ದು ಎರಡು ವರ್ಷ ಕಳೆದುಕೊಂಡಳು. ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಎಂಬ ಗಿಡಮೂಲಿಕೆಯ ಮಾತ್ರೆಯಿಂದ ಹಾಗಾಯಿತು ಎಂಬುದು ಅವಳ ಮತ್ತು ಜೊತೆಯವರ ವಾದವಾಗಿತ್ತು.

ಯಾರದು ಎಷ್ಟು ತಪ್ಪು ಎಂದು ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಡಬ್ಬದೊಳಗೆ ಏನಿದೆ ಎಂದು ಮನೆಯವರು ಕೇಳದೇ ಇದ್ದರೆ ಬೇರೆ ಯಾರೂ ಕೇಳುವುದಿಲ್ಲ. ಆಟದ ನಿಯಮವಂತೂ ಖಡಾಖಂಡಿತ: ದೇಹದಲ್ಲಿ ಸಿಕ್ಕಿದ್ದಕ್ಕೆ ಓಡಿದವಳೇ ಹೊಣೆ. ಮೀಥೈಲ್‌ಹೆಕ್ಸಾನಮೀನ್ ‘ಶಕ್ತಿ’ ಕೊಡುವ, ‘ಬೊಜ್ಜು’ ಕರಗಿಸುವ ಕೆಲವು ಪುಡಿಗಳಲ್ಲಿ ಬೆರೆತು ಬಂದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಹದಿನಾಲ್ಕರ ಹುಡುಗಿಗೆ ಡಬ್ಬದ ಪುಡಿ ಏಕೆ ಬೇಕು? ಚಳ್ಳಕೆರೆಯನ್ನು ಎಣ್ಣೆನಗರ ಎನ್ನುವುದೇ ಶೇಂಗಾದಿಂದ. ಒಂದು ಹಿಡಿ ಶೇಂಗಾ, ಬೆಲ್ಲ, ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಇದ್ದರೆ ಆ ವಯಸ್ಸಿಗೆ ಧಾರಾಳವಾಯಿತು. ಮತ್ತೆ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ. ಅದನ್ನು ಹುಡುಗಿಯರು ಕಾಂಪೌಂಡಿನಾಚೆ ಎಸೆಯುತ್ತಾರೆ ಎಂಬುದು ಅಮ್ಮಂದಿರಿಗೆಲ್ಲ ಗೊತ್ತು! ಎರಡನೆಯ ಸುತ್ತಿನಲ್ಲಿ ಕಣ್ಣು ಕತ್ತಲೆ ಬಂದು ಕೂರುವವಳಿಗೆ ರಕ್ತಹೀನತೆ ಇದೆಯೇ ಎಂದು ಮೊದಲು ನೋಡಿ.

ನಮ್ಮ ಮನೆಗಳಲ್ಲಿ ಇದಕ್ಕಿಂತ ಮೊದಲು ಬರುವ ಪ್ರಶ್ನೆ ಉಡುಪಿನದು. ಎಂಟನೇ ತರಗತಿ ದಾಟಿದ ಮೇಲೆ ಮಗಳನ್ನು ಮೈದಾನಕ್ಕೆ ಕಳಿಸುವುದೇ, ಬೇಡವೇ? ಪ್ರವಾದಿ(ಸ)ರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿದ್ದು, ಒಮ್ಮೆ ಆಯಿಶಾ ಗೆದ್ದದ್ದು, ಮುಂದೊಮ್ಮೆ ಪ್ರವಾದಿಯವರು ಗೆದ್ದದ್ದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ನಿಮಗೆ ಸಿಗುತ್ತದೆ. ನಮ್ಮ ಕಾಲದ್ದೇ ಬೇಕೆಂದರೆ, 2006ರ ದೋಹಾ ಏಷ್ಯನ್ ಕೂಟದಲ್ಲಿ ಬಹರೈನ್‌ನ ರುಖಯ್ಯಾ ಅಲ್ ಘಸ್ರಾ ತಲೆ ಮುಚ್ಚಿ, ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ತೊಟ್ಟು 200 ಮೀಟರ್ ಓಟದ ಚಿನ್ನ ಗೆದ್ದಳು. ಬಟ್ಟೆ ಸಡಿಲವಾಗಿ ಗಾಳಿಗೆ ಉಬ್ಬದಂತೆ ಹೊಲಿಸಿದರೆ ಸಾಕು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ನಡುವೆ ಒಳ್ಳೆಯ ದರ್ಜಿ ಸಿಗುವುದಿಲ್ಲವೇ?

ಮಗಳು ಕಂಡಿಕೆ ಸುತ್ತುವುದನ್ನೋ ಶೇಂಗಾ ಬಿಡಿಸುವುದನ್ನೋ ಸಂಜೆ ಒಂದು ಗಂಟೆ ಬಿಡಬೇಕಾಗುತ್ತದೆ. ಅಷ್ಟು ಬಿಟ್ಟುಕೊಡುವ ಮನಸ್ಸು ನಿಮಗಿದ್ದರೆ, ಒಂದು ಸುತ್ತಿನ ಟ್ರ್ಯಾಕನ್ನು ನೀವೇ ಹಾಕಿಕೊಡಬಹುದು. ಸರಕಾರಕ್ಕೆ ಅರ್ಜಿ ಹಾಕುವುದನ್ನು ಹಾಕಿ, ಅದು ಬರುವವರೆಗೆ ಕಾಯಬೇಡಿ.

ಮೂರು ಎಕರೆಯಷ್ಟು ಸಮತಟ್ಟಾದ ಬೀಳು ಸಾಕು. ಫಸಲು ಕಿತ್ತು ಗಟ್ಟಿಯಾದ ಶೇಂಗಾ ಹೊಲವೂ ಆದೀತು, ಮಾಲೀಕರನ್ನು ಒಂದು ಮಾತು ಕೇಳಿ. ಎರಡು ಗೂಟಗಳನ್ನು 84 ಮೀಟರ್ 39 ಸೆಂಟಿಮೀಟರ್ ದೂರದಲ್ಲಿ ಹೊಡೆಯಿರಿ. 36 ಮೀಟರ್ 80 ಸೆಂಟಿಮೀಟರ್ ಉದ್ದದ, ಹಿಗ್ಗದ ಹಗ್ಗವನ್ನು ಒಂದು ಗೂಟಕ್ಕೆ ಕಟ್ಟಿ ಹೊರಬದಿಗೆ ಅರ್ಧ ವೃತ್ತ ಎಳೆಯಿರಿ. ಇನ್ನೊಂದು ಗೂಟದಿಂದಲೂ ಹಾಗೆಯೇ. ಎರಡು ಅರ್ಧ ವೃತ್ತಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಆ ಗೆರೆಯ ಮೇಲೆ ಓಡಿದರೆ ಸರಿಯಾಗಿ 400 ಮೀಟರ್. ಪ್ರತಿ ನೂರು ಮೀಟರಿಗೆ ಒಂದು ಕಲ್ಲಿಡಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಲ್ಲಿ. ಮೊದಲ ದಿನ ಅವಳು ಮೊದಲ ಕಲ್ಲನ್ನು ಅತಿ ಬೇಗ ದಾಟಿ ಮೂರನೆಯ ಕಲ್ಲಿನ ಹತ್ತಿರ ನಿಲ್ಲುತ್ತಾಳೆ, ಬೈಯಬೇಡಿ. ಸುಣ್ಣಕ್ಕೆ ಬದಲು ಬೂದಿ ಹಾಕಿದರೂ ನಡೆಯುತ್ತದೆ. ಗೆರೆ ಎಳೆಯುವ ಮುನ್ನ ಇಡೀ ಸುತ್ತು ಒಮ್ಮೆ ನಡೆದು ಜಾಲಿ ಮುಳ್ಳು ಆರಿಸಿ ತೆಗೆಯಿರಿ, ಅವಳು ಓಡುವುದು ಬರಿಗಾಲಿನಲ್ಲಿ.