ನಾಲ್ಕನೇ ಸಿಲಿಂಡರ್ ಯಾಕೆ ಉರಿಯುತ್ತಿಲ್ಲ?

ಅಮೆರಿಕದ ಫೋರ್ಡ್ ಎಫ್-150 ಪಿಕಪ್. 2005ರ ಮಾಡೆಲ್, 5.4 ಲೀಟರ್ ವಿ8 ಎಂಜಿನ್. ಐಡಲ್‌ನಲ್ಲಿ ಗಾಡಿ ನಡುಗುತ್ತಿದೆ, ಚೆಕ್ ಎಂಜಿನ್ ದೀಪ ಮಿನುಗುತ್ತಿದೆ. ದೀಪ ಮಿನುಗುತ್ತಿದ್ದರೆ ದಯವಿಟ್ಟು ಓಡಿಸಬೇಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಸುಟ್ಟುಹಾಕುತ್ತದೆ.

ಸ್ಕ್ಯಾನರ್ ಹಾಕಿ. ಪಿ0304 ಕೋಡ್ ಬಂತಾ? ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಈ ಎಂಜಿನ್‌ನಲ್ಲಿ ನಾಲ್ಕನೆಯದು ಪ್ಯಾಸೆಂಜರ್ ಬದಿಯಲ್ಲಿ, ಎಲ್ಲಕ್ಕಿಂತ ಹಿಂದೆ.

ತಕ್ಷಣ ಹೊಸ ಇಗ್ನಿಷನ್ ಕಾಯಿಲ್ ಕೊಳ್ಳಬೇಡಿ. ಎಂಜಿನ್ ಆಫ್ ಮಾಡಿ, ನಾಲ್ಕರ ಕಾಯಿಲನ್ನು ಎರಡಕ್ಕೆ, ಎರಡರದ್ದನ್ನು ನಾಲ್ಕಕ್ಕೆ ಹಾಕಿ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿ. ಪಿ0302 ಬಂದರೆ ಕಾಯಿಲ್ ಹೋಗಿದೆ. ಮತ್ತೆ ಪಿ0304 ಬಂದರೆ ಸ್ಪಾರ್ಕ್ ಪ್ಲಗ್ ಕಡೆ ನೋಡಿ.

ಇಲ್ಲಿ ನಿಜಕ್ಕೂ ತಾಳ್ಮೆ ಬೇಕು. ಈ ಪ್ಲಗ್ ಎರಡು ತುಂಡು ಜೋಡಿಸಿ ಮಾಡಿದ್ದು. ಉದ್ದನೆಯ ತುದಿಗೆ ಮಸಿ ಕಟ್ಟಿ ಹೆಡ್ಡಿಗೆ ಕಚ್ಚಿಕೊಂಡಿರುತ್ತದೆ; ಜೋರು ಮಾಡಿದರೆ ಒಳಗೇ ಮುರಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಕಾಲು ಸುತ್ತು ಮಾತ್ರ ಸಡಿಲಿಸಿ, ಪ್ಲಗ್ ಕೂರುವ ಗುಂಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು, ಕನಿಷ್ಠ 15 ನಿಮಿಷ ಕಾಯಿರಿ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಹೀಗೇ ಆಡಿಸುತ್ತ ಬಿಚ್ಚಿ.

ಹೊಸ ಪ್ಲಗ್ ಹಾಕಿದರೂ ಅದೇ ಕೋಡ್ ಬಂದರೆ ಇಂಜೆಕ್ಟರ್ ಪರೀಕ್ಷಿಸಿ. ಅದೂ ಸರಿಯಿದ್ದರೆ ಕಂಪ್ರೆಷನ್ ಗೇಜ್ ಹಾಕಿ. ಆ ಒಂದು ಸಿಲಿಂಡರಿನಲ್ಲಷ್ಟೇ ಒತ್ತಡ ಕಡಿಮೆಯಿದ್ದರೆ, ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು.