ಚೆಸಪೀಕ್ ಕೊಲ್ಲಿ: ಹೊಲದಲ್ಲೇ ನಿಲ್ಲಬೇಕಾದ ಮಣ್ಣು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳೊಳಕ್ಕೆ ಸುಮಾರು 320 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ಚೆಸಪೀಕ್ ಕೊಲ್ಲಿಯು, ನದಿಗಳ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಳಿವೆಗಳ ಪೈಕಿ ಆ ದೇಶದಲ್ಲೇ ಅತಿ ದೊಡ್ಡದು. ನೀಲಿ ಏಡಿ ಮತ್ತು ಸಿಂಪಿಗಳಿಗೆ ಹೆಸರಾದ ಈ ಕೊಲ್ಲಿಯ ಸರಾಸರಿ ಆಳ ಸುಮಾರು ಆರೂವರೆ ಮೀಟರ್ ಮಾತ್ರ; ಆದರೆ ಇದಕ್ಕೆ ನೀರುಣಿಸುವ ನೆಲ, ಅಂದರೆ ಜಲಾನಯನ ಪ್ರದೇಶ, ಆರು ರಾಜ್ಯಗಳ ಭಾಗಗಳನ್ನೂ ರಾಜಧಾನಿ ವಾಷಿಂಗ್ಟನ್ ನಗರವನ್ನೂ ಒಳಗೊಂಡು ಸುಮಾರು 1,66,000 ಚದರ ಕಿ.ಮೀ. ಹರಡಿದೆ. ಇಷ್ಟು ವಿಶಾಲವಾದ ನೆಲದಿಂದ ಕೊಚ್ಚಿಬಂದುದೆಲ್ಲ ಇಷ್ಟು ತೆಳುವಾದ ನೀರಿನಲ್ಲಿ ಬಂದು ಸೇರುವುದೇ ಕೊಲ್ಲಿಯ ಸಂಕಷ್ಟದ ಮೂಲ.

ಕೊಲ್ಲಿಯ ಸಿಹಿನೀರಿನಲ್ಲಿ ಸರಿಸುಮಾರು ಅರ್ಧದಷ್ಟನ್ನು ತರುವ ಸಸ್ಕ್ವೆಹಾನಾ ನದಿಯು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಂಥ ಹೈನುಗಾರಿಕೆಯ ಸೀಮೆಗಳನ್ನು ಹಾದು ಬರುತ್ತದೆ. ಬೆಳೆಯಿಲ್ಲದೆ ಬೋಳಾದ ಹೊಲಗಳ ಮೇಲೆ ಮಳೆ ಸುರಿದಾಗ ಮೇಲ್ಮಣ್ಣೂ, ಗೊಬ್ಬರದಲ್ಲಿ ಉಳಿದ ಸಾರಜನಕ ಮತ್ತು ರಂಜಕಗಳೂ ಹಳ್ಳಗಳಿಗಿಳಿದು ನದಿ ಸೇರುತ್ತವೆ. ಹೂಳು ಬಿಸಿಲನ್ನು ತಡೆದು ನೀರೊಳಗಿನ ಹುಲ್ಲನ್ನು ಸಾಯಿಸುತ್ತದೆ, ಸಿಂಪಿಗಳ ನೆಲೆಯನ್ನು ಮುಚ್ಚುತ್ತದೆ. ಪೋಷಕಾಂಶಗಳಿಂದ ಕೊಬ್ಬಿದ ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಬರಿದಾಗಿ, ಜಲಚರಗಳು ಬದುಕಲಾರದ ‘ಮೃತವಲಯ’ ಬೇಸಿಗೆಯಲ್ಲಿ ಉಂಟಾಗುತ್ತದೆ. ಸಸ್ಕ್ವೆಹಾನಾ ನದಿಗೆ ಅಡ್ಡಲಾಗಿ 1928ರಲ್ಲಿ ಪೂರ್ಣಗೊಂಡ ಕೊನೊವಿಂಗೊ ಅಣೆಕಟ್ಟು ದಶಕಗಳ ಕಾಲ ಈ ಹೂಳಿನ ದೊಡ್ಡ ಪಾಲನ್ನು ತಡೆದಿತ್ತಾದರೂ, ಈಗ ಅದರ ಜಲಾಶಯವೇ ಬಹುಮಟ್ಟಿಗೆ ತುಂಬಿರುವುದರಿಂದ ಮಣ್ಣನ್ನು ಹೊಲದಲ್ಲೇ ಹಿಡಿದಿಡುವುದು ಅನಿವಾರ್ಯವಾಗಿದೆ.

ಕೊಲ್ಲಿಯನ್ನು ಉಳಿಸಲು 1983ರಲ್ಲಿ ರಾಜ್ಯಗಳ ನಡುವೆ ಮೊದಲ ಒಪ್ಪಂದವಾಯಿತು. 2010ರಲ್ಲಿ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯು ಕೊಲ್ಲಿ ತಾಳಿಕೊಳ್ಳಬಲ್ಲ ಮಾಲಿನ್ಯದ ಗರಿಷ್ಠ ಮಿತಿಯನ್ನು ನಿಗದಿಪಡಿಸಿ, ಸಾರಜನಕವನ್ನು ಶೇ 25, ರಂಜಕವನ್ನು ಶೇ 24, ಹೂಳನ್ನು ಶೇ 20ರಷ್ಟು ತಗ್ಗಿಸಬೇಕೆಂದಿತು. ಇದಕ್ಕಾಗಿ ರೈತರು ಅನುಸರಿಸುತ್ತಿರುವ ಕ್ರಮಗಳು ಸರಳವಾದವು: ಸುಗ್ಗಿಯ ನಂತರ ರೈ, ಗೋಧಿಯಂಥ ಹೊದಿಕೆ ಬೆಳೆ ಬಿತ್ತಿದರೆ ಬೇರುಗಳು ಮಣ್ಣನ್ನು ಹಿಡಿದು ಉಳಿದ ಸಾರಜನಕವನ್ನು ಹೀರಿಕೊಳ್ಳುತ್ತವೆ, ಉಳುಮೆಯಿಲ್ಲದೆ ಬಿತ್ತಿದರೆ ನೆಲ ಸಡಿಲಗೊಳ್ಳುವುದಿಲ್ಲ, ಹಳ್ಳದ ದಂಡೆಯಲ್ಲಿ ಮರಗಳ ಪಟ್ಟಿ ಬೆಳೆಸಿ, ದನಗಳು ನೀರಿಗಿಳಿಯದಂತೆ ಬೇಲಿ ಹಾಕಿದರೆ ದಡ ಕುಸಿಯುವುದಿಲ್ಲ. ಹೊದಿಕೆ ಬೆಳೆಗೆ ಮೇರಿಲ್ಯಾಂಡ್ ಸರ್ಕಾರ ಸಹಾಯಧನವನ್ನೂ ಕೊಡುತ್ತದೆ.

ಆದರೂ ಈ ಕ್ರಮಗಳೆಲ್ಲ 2025ರೊಳಗೆ ಜಾರಿಯಾಗಬೇಕೆಂಬ ಗುರಿ, ಮುಖ್ಯವಾಗಿ ಸಾರಜನಕದ ವಿಷಯದಲ್ಲಿ, ಈಡೇರಲಿಲ್ಲ. ಬೇಲಿಯ ಖರ್ಚು, ಬಿಟ್ಟುಕೊಟ್ಟ ದಂಡೆಯ ನೆಲದ ನಷ್ಟ ಮೇಲ್ಭಾಗದ ರೈತನದು, ತಿಳಿನೀರಿನ ಲಾಭ ಕೆಳಭಾಗದವರದು ಎಂಬ ಅಸಮತೋಲನ ಇದಕ್ಕೊಂದು ಮುಖ್ಯ ಕಾರಣ. ಕೊಲ್ಲಿಯ ಫಲ ಉಣ್ಣುವವರು ಹೊಲ ಕಾಯುವವರ ಖರ್ಚಿನಲ್ಲಿ ಪಾಲು ಹೊರುವುದು ನ್ಯಾಯ, ಮತ್ತು ಕೊಲ್ಲಿ ಉಳಿಯುವ ದಾರಿಯೂ ಅದೇ.